ಕಿಡಿಯ ಹದ: ಹಳೆಯ ಪೆಟ್ರೋಲು ಜೀಪಿನ ಟೈಮಿಂಗ್ ನೋಡುವ ಬಗೆ



ಯಲಬುರ್ಗಾ ಸೀಮೆಯಿಂದ ಕೃಷಿ ಅಧಿಕಾರಿ ಮಾತಾಡಲಿಕ್ಕೆ ಬಂದಾನ ಅಂದರ ಶೇಂಗಾದ ಬೀಜೋಪಚಾರವನ್ನೋ, ಕಡಲೆಯ ಕಾಯಿಕೊರಕ ಹುಳುವನ್ನೋ ಹೇಳುತ್ತಾನೆಂದು ನೀವು ಎಣಿಸಿರಬಹುದು. ಈ ಹೊತ್ತು ಆ ಮಾತಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಹಳೆಯ ಪೆಟ್ರೋಲು ಜೀಪಿನ ಇಂಜಿನ್ನಿನೊಳಗೆ ಕಿಡಿ ಯಾವ ಹೊತ್ತಿಗೆ ಹಾರಬೇಕು, ಆ ಹೊತ್ತು ತಪ್ಪಿದರೆ ಏನಾಗುತ್ತದೆ, ತಪ್ಪಿದೆಯೋ ಇಲ್ಲವೋ ಎಂಬುದನ್ನು ಒಂದು ಸಣ್ಣ ಬಲ್ಬಿನಿಂದ ಮನೆಯಂಗಳದಲ್ಲೇ ಹೇಗೆ ನೋಡಬಹುದು ಎಂಬುದನ್ನು. "ಇದು ಮಿಸ್ತ್ರಿ ಕೆಲಸ, ಒಕ್ಕಲಿಗಗ ಯಾಕ ಬೇಕು?" ಅಂತ ಕೇಳುವವರಿಗೆ ಮೊದಲು ಒಂದು ಸಂಗತಿ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಹಿಂಗಾರಿ ಬಿತ್ತನೆಯ ವಾರ. ಎರಿ ಹೊಲಗಳಿಗೆ ಚಲೋ ಹಸಿ ಆಗಿ, ಎರಡು ದಿನ ಬಿಸಿಲು ಬಿದ್ದು, ಹದ ಕೂಡಿ ಬಂದಿತ್ತು. ನಮ್ಮ ಹೋಬಳಿಯ ಒಂದು ಮನೆಗೆ ನಾನು ಬೀಜದ ವಿಷಯಕ್ಕೆ ಹೋಗಿದ್ದೆ. ಆ ಮನೆಯಲ್ಲಿ ಅಜ್ಜನ ಕಾಲದ ಒಂದು ಜೀಪು ಇದೆ. ಬೀಜ, ಗೊಬ್ಬರ, ಶೇಂಗಾ ಚೀಲ, ಬಾಣಂತಿ, ಬೀಗರು, ಎಲ್ಲರೂ ಎಲ್ಲವೂ ಅದರಲ್ಲೇ. ಬ್ಯಾಟರಿ ಸೋತಿತ್ತು. ಮನೆಯ ಹಿರಿಯ ಮಗ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದ. ಇಂಜಿನ್ನು ಹಿಂದಕ್ಕೆ ಒದೆಯಿತು. ಹ್ಯಾಂಡಲ್ ತಿರುವಿ ಬಂದು ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಆ ಮನೆಯಲ್ಲಿ ಕೂರಿಗಿ ಹಿಡಿಯುವವನು ಅವನೊಬ್ಬನೇ. ಕೂಲಿಯವರು ಸಿಕ್ಕುವಷ್ಟರಲ್ಲಿ ಆರು ದಿನ ಹೋದವು, ಮೇಲಿನ ಹಸಿ ಆರಿ ಹೋಯಿತು, ಜೋಳ ಅರ್ಧಕ್ಕರ್ಧ ಹುಟ್ಟಲೇ ಇಲ್ಲ.

ನಾನು ಅಂದು "ಪೆಟ್ರೋಲು ಕೆಟ್ಟದ್ದು ಇರಬೇಕು" ಎಂದೆ. ಅದು ನನ್ನ ತಪ್ಪು ಊಹೆ. ಮರುವಾರ ಒಬ್ಬ ಹಿರಿಯ ಮಿಸ್ತ್ರಿಯವರು ಬಂದು ನೋಡಿದಾಗ ನಿಜ ತಿಳಿಯಿತು. ಗಾಡಿ ಏರಿನಲ್ಲಿ ಎಳೆಯವಲ್ಲದು ಅಂತ ಯಾರೋ ಗೆಳೆಯರು ಹದಿನೈದು ದಿನದ ಹಿಂದೆ ಡಿಸ್ಟ್ರಿಬ್ಯೂಟರನ್ನು ಕಣ್ಣಳತೆಯಲ್ಲಿ ಚೂರು ತಿರುಗಿಸಿ ಬಿಗಿದಿದ್ದರು. ಆ ಚೂರು ಎಷ್ಟು? ಅಂಚಿನಲ್ಲಿ ಒಂದು ಬೆರಳಗಲವೂ ಇಲ್ಲ. ಅಷ್ಟಕ್ಕೇ ಒಂದು ಕೈ, ಒಂದು ಬೆಳೆ. ಆ ಮಿಸ್ತ್ರಿಯವರ ಹತ್ತಿರ ಕೂತು ನಾನು ಕಲಿತದ್ದನ್ನು, ಆಮೇಲೆ ಕೈಪಿಡಿ ಓದಿ ತಿಳಿದದ್ದನ್ನು ಕೂಡಿಸಿ ಹೇಳುತ್ತಿದ್ದೇನೆ.

ಈ ಜೀಪುಗಳು ನಮ್ಮ ಹಳ್ಳಿಗಳಿಗೆ ಹೊಸ ನೆಂಟರಲ್ಲ. 1947ರಿಂದ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬ್ಲಾಕಿನ ಅಧಿಕಾರಿಗಳು ಊರೂರಿಗೆ ಜೀಪಿನಲ್ಲೇ ಬಂದರು. ಆಗ ನಮ್ಮ ಯಲಬುರ್ಗಾ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು; 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಸರಕಾರಿ ಜೀಪುಗಳು ಹಳತಾದಾಗ ಲಿಲಾವಿನಲ್ಲಿ ಹಳ್ಳಿಯ ಮನೆಗಳಿಗೆ ಇಳಿದವು. ಹಾಗೆ ಇಳಿದು ಬಂದ ಕೆಲವು ಇಂದಿಗೂ ಓಡುತ್ತವೆ. ಅಂಬಾಸಿಡರ್ ಕಾರು ಇಟ್ಟುಕೊಂಡವರೂ ಇದ್ದಾರೆ. ಅದರ ತಯಾರಿಕೆ 2014ರಲ್ಲಿ ನಿಂತಿತು. ಇವತ್ತಿನ ಕಾರುಗಳಲ್ಲಿ ಕಿಡಿಯ ಹೊತ್ತನ್ನು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ನೋಡಿಕೊಳ್ಳುತ್ತದೆ, ಅದಕ್ಕೆ ನಾವು ಕೈ ಹಚ್ಚುವ ಹಾಗಿಲ್ಲ. ಹಳೆಯವಕ್ಕೆ ಮಾತ್ರ ಪಾಯಿಂಟು, ಕಂಡೆನ್ಸರು, ಡಿಸ್ಟ್ರಿಬ್ಯೂಟರು. ಕೆಲವು ಮಿಸ್ತ್ರಿಗಳು ಡಿಸ್ಟ್ರಿಬ್ಯೂಟರಿಗೆ ಡೆಲ್ಕೊ ಅನ್ನುತ್ತಾರೆ. ಎರಡೂ ಒಂದೇ.

ಈಗ ಒಳಗೆ ನಡೆಯುವುದೇನು ಎಂದು ನೋಡೋಣ. ನಾಗರಪಂಚಮಿಯ ಜೋಕಾಲಿಯನ್ನು ನೆನಪು ಮಾಡಿಕೊಳ್ಳಿ. ಜೋಕಾಲಿ ನಿಮ್ಮ ಕಡೆಗೆ ಬಂದು, ಮೇಲೇರಿ, ಒಂದು ಗಳಿಗೆ ನಿಂತಂತಾಗಿ, ಹಿಂದಕ್ಕೆ ತಿರುಗುವಾಗ ನೂಕಿದರೆ ಸಲೀಸಾಗಿ ಹಾರುತ್ತದೆ. ಇನ್ನೂ ನಿಮ್ಮ ಕಡೆಗೆ ಬರುತ್ತಿರುವಾಗಲೇ ಎದುರು ಕೈ ಕೊಟ್ಟರೆ ಕೂತವರಿಗೂ ಪೆಟ್ಟು, ನೂಕಿದವರ ಮಣಿಕಟ್ಟಿಗೂ ಪೆಟ್ಟು. ಜೋಕಾಲಿ ಅರ್ಧ ಹಿಂದೆ ಹೋದ ಮೇಲೆ ನೂಕಲು ಹೋದರೆ ಕೈಗೆ ಎಟುಕುವುದೇ ಇಲ್ಲ, ನೂಕಿದ ಶಕ್ತಿ ವ್ಯರ್ಥ. ಸಿಲಿಂಡರಿನೊಳಗಿನ ಪಿಸ್ಟನ್ನೂ ಹಾಗೇ. ಅದು ಪೆಟ್ರೋಲು ಬೆರೆತ ಗಾಳಿಯನ್ನು ಒತ್ತುತ್ತಾ ಮೇಲಕ್ಕೆ ಬರುತ್ತದೆ. ತೀರ ಮೇಲೆ ಬಂದ ಜಾಗಕ್ಕೆ ಮಿಸ್ತ್ರಿಗಳು "ಟಾಪ್" ಅನ್ನುತ್ತಾರೆ. ಅಲ್ಲಿಂದ ಕೆಳಗೆ ಇಳಿಯುವಾಗ ಬೆಂಕಿಯ ಒತ್ತಡ ಅದನ್ನು ನೂಕಬೇಕು.

ಆದರೆ ಒಂದು ತೊಡಕಿದೆ. ಕಿಡಿ ಹಾರಿದ ಕೂಡಲೇ ಎಲ್ಲ ಅನಿಲ ಒಮ್ಮೆಗೇ ಉರಿಯುವುದಿಲ್ಲ. ಒಣ ಕಣಕಿಗೆ ಒಂದು ಮೂಲೆಯಿಂದ ಬೆಂಕಿ ಹತ್ತಿದ ಹಾಗೆ ಉರಿ ಒಂದು ಕಡೆಯಿಂದ ಹರಡುತ್ತದೆ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅಂಥ ಎರಡು ಮೂರು ಪಾಲಾದರೂ ಅದಕ್ಕೆ ಬೇಕು. ಇಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಪಿಸ್ಟನ್ನು ಕೆಳಗಿನಿಂದ ಮೇಲಕ್ಕೆ ಬರಲು ತೆಗೆದುಕೊಳ್ಳುವುದು ಅಂಥ 15 ಪಾಲು ಮಾತ್ರ. ಆದ್ದರಿಂದ ಪಿಸ್ಟನ್ನು ಟಾಪಿಗೆ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಕಿಡಿ ಕೊಡಬೇಕಾಗುತ್ತದೆ. ಹಳೆಯ ವಿಲ್ಲಿಸ್ ಜೀಪಿನ ಕೈಪಿಡಿಯಲ್ಲಿ ಈ ಮುಂಗಡ 5 ಡಿಗ್ರಿ. ಇದು ಇಂಜಿನ್ನು ಮೆಲ್ಲಗೆ ತಿರುಗುವಾಗಿನ ಲೆಕ್ಕ. ವೇಗ ಹೆಚ್ಚಿದಂತೆ ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಸಣ್ಣ ತೂಕದ ತುಂಡುಗಳು ಅಗಲವಾಗಿ, ಕಿಡಿಯನ್ನು ತಾವೇ ಇನ್ನಷ್ಟು ಮುಂಚೆ ಮಾಡುತ್ತವೆ. ಬುದ್ಧಿವಂತ ಏರ್ಪಾಡು. ಆದರೆ ನಮ್ಮ ಎರಿ ಧೂಳು ಅದಕ್ಕೆ ಶತ್ರು.

ಈಗ ಕೈ ಮುರಿದ ಲೆಕ್ಕಕ್ಕೆ ಬನ್ನಿ. ಹ್ಯಾಂಡಲ್ ಹಾಕಿ ತಿರುಗಿಸುವಾಗ ಇಂಜಿನ್ನು ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳಿ. ಕಿಡಿ 30 ಡಿಗ್ರಿ ಮುಂಚೆ ಹಾರಿದರೆ ಪಿಸ್ಟನ್ನು ಟಾಪಿಗೆ ಬರಲು ಇನ್ನೂ 80ಕ್ಕೂ ಹೆಚ್ಚು ಪಾಲು ಹೊತ್ತು ಉಳಿದಿದೆ. ಅಷ್ಟರೊಳಗೆ ಅನಿಲವೆಲ್ಲ ಉರಿದು ಮುಗಿದಿರುತ್ತದೆ. ಮೇಲೆ ಬರುತ್ತಿರುವ ಪಿಸ್ಟನ್ನಿಗೆ ಆ ಒತ್ತಡ ಎದುರು ನಿಲ್ಲುತ್ತದೆ, ಅದನ್ನು ಹಿಂದಕ್ಕೆ ಒಗೆಯುತ್ತದೆ. ಹ್ಯಾಂಡಲ್ ಹಿಡಿದ ಕೈ ಅದರ ದಾರಿಯಲ್ಲಿದೆ. ಇನ್ನೊಂದು ಮಾತು: ಡಿಸ್ಟ್ರಿಬ್ಯೂಟರಿನ ದಂಡ ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಅಂದರೆ ನೀವು ಡಿಸ್ಟ್ರಿಬ್ಯೂಟರನ್ನು ಒಂದು ಡಿಗ್ರಿ ತಿರುಗಿಸಿದರೆ ಇಂಜಿನ್ನಿನ ಲೆಕ್ಕದಲ್ಲಿ ಅದು ಎರಡು ಡಿಗ್ರಿ. ಕಣ್ಣಿಗೆ ಸಣ್ಣದು, ಒಳಗೆ ದೊಡ್ಡದು.

ಟೈಮಿಂಗ್ ತಪ್ಪಿದ್ದನ್ನು ಗಾಡಿಯೇ ಹೇಳುತ್ತದೆ, ಕೇಳುವ ಕಿವಿ ಬೇಕು. ಕಿಡಿ ಬೇಗ ಆಗಿದ್ದರೆ: ಹ್ಯಾಂಡಲ್ ಒದೆಯುತ್ತದೆ, ಸೆಲ್ಫ್ ಹಾಕಿದರೆ ತಿರುಗುತ್ತಾ ತಿರುಗುತ್ತಾ ಯಾರೋ ಹಿಡಿದು ನಿಲ್ಲಿಸಿದ ಹಾಗೆ ತಡೆಯುತ್ತದೆ, ಹೇರು ಹೊತ್ತು ಏರು ಹತ್ತುವಾಗ ಡಬ್ಬಿಯೊಳಗೆ ಹರಳು ಅಲುಗಿಸಿದಂತೆ ಟಕಟಕ ಸಪ್ಪಳ ಬರುತ್ತದೆ. ಕಿಡಿ ತಡ ಆಗಿದ್ದರೆ: ಗಾಡಿ ಮಂದ, ಎಷ್ಟು ತುಳಿದರೂ ಎಳೆಯುವುದಿಲ್ಲ, ರೇಡಿಯೇಟರು ಬೇಗ ಕುದಿಯುತ್ತದೆ, ಸೈಲೆನ್ಸರಿನಲ್ಲಿ ಢಬ್ ಢಬ್ ಎನ್ನುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಉರಿ ಪಿಸ್ಟನ್ನನ್ನು ನೂಕದೆ ಹೊಗೆ ಕೊಳವೆಯಲ್ಲಿ ಹೋಗಿ ಮುಗಿಯುವುದರಿಂದ ಹಾಗೆ.

ಆ ಟಕಟಕ ಸಪ್ಪಳದ ಬಗ್ಗೆ ಒಂದು ವಿಶೇಷ ಎಚ್ಚರಿಕೆ ಕೊಡಬೇಕು. ಹಿಂದಿನವರು ಟೈಮಿಂಗನ್ನು ಕಿವಿಯಿಂದಲೇ ಕೂಡಿಸುತ್ತಿದ್ದರು. ಸಪ್ಪಳ ಬರುವ ತನಕ ಮುಂಚೆ ಮಾಡುವುದು, ಬಂದ ಕೂಡಲೇ ಚೂರು ಹಿಂದೆ ತರುವುದು. ಅಂದಿನ ಪೆಟ್ರೋಲು ಬೇಗ ಬಡಿಯುತ್ತಿತ್ತು, ಹಾಗಾಗಿ ಆ ಉಪಾಯ ನಡೆಯುತ್ತಿತ್ತು. ಇಂದಿನ ಪೆಟ್ರೋಲು ಬೇರೆ. 2025ರ ಹೊತ್ತಿಗೆ ನಮ್ಮ ಬಹುತೇಕ ಪಂಪುಗಳಲ್ಲಿ ಶೇಕಡ 20 ಎಥೆನಾಲು ಬೆರೆತ ಪೆಟ್ರೋಲೇ ಸಿಗುತ್ತಿದೆ. ಅದು ಬಡಿತವನ್ನು ಬಹಳ ತಡೆದುಕೊಳ್ಳುತ್ತದೆ. ಹಳೆಯ ಜೀಪು ಅನಿಲವನ್ನು ಒತ್ತುವುದೋ ಏಳು ಪಾಲಿನ ಒಳಗೆ ಹೊರಗೆ ಮಾತ್ರ. ಹೊಸ ಕಾರುಗಳು ಹತ್ತು ಪಾಲಿನ ಆಚೀಚೆ ಒತ್ತುತ್ತವೆ. ಆದ್ದರಿಂದ ಕಿಡಿ ಬಹಳ ಮುಂಚೆ ಆಗಿದ್ದರೂ ನಿಮ್ಮ ಜೀಪಿನಲ್ಲಿ ಸಪ್ಪಳ ಕೇಳಿಸದೆ ಹೋಗಬಹುದು. "ಸಪ್ಪಳಿಲ್ಲ, ಇನ್ನಷ್ಟು ತಿರುಗಸೋಣು" ಅಂತ ಹೋದವರ ಕೈಯೇ ಮುರಿಯುವುದು. ಕಿವಿಯನ್ನು ನಂಬಬೇಡಿ, ಗುರುತನ್ನೂ ಬಲ್ಬನ್ನೂ ನಂಬಿರಿ.

ಇನ್ನು ನೋಡುವ ಕ್ರಮ. ಮೊದಲು ಟೈಮಿಂಗಿಗೆ ಕೈ ಹಾಕಲೇಬಾರದು. ಇದು ಬಹಳ ಜನ ಮಾಡುವ ತಪ್ಪು. ಗಾಡಿ ಚಾಲೂ ಆಗದಿದ್ದರೆ ಮೊದಲು ಬ್ಯಾಟರಿಯ ಕಟ್ಟು ಬಿಗಿಯಾಗಿದೆಯೋ, ಬಿಳಿ ಪುಡಿ ಕೂತಿದೆಯೋ ನೋಡಿ. ಕಾರ್ಬುರೇಟರಿಗೆ ಪೆಟ್ರೋಲು ಬರುತ್ತಿದೆಯೋ ನೋಡಿ. ಎಥೆನಾಲಿನಿಂದ ಹಳೆಯ ರಬ್ಬರು ಪೈಪುಗಳು ಮೆತ್ತಗಾಗಿ, ಒಳಗೆ ಉಬ್ಬಿ, ದಾರಿ ಕಟ್ಟಿಕೊಳ್ಳುವುದುಂಟು. ಅಂಥವನ್ನು ಹೊಸ ಜಾತಿಯ ಪೈಪಿಗೆ ಬದಲಿಸುವುದು ಒಳ್ಳೆಯದು. ಆಮೇಲೆ ಒಂದು ಪ್ಲಗ್ಗು ಬಿಚ್ಚಿ, ಅದರ ವಾಯರಿಗೇ ಸಿಕ್ಕಿಸಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು, ಸೆಲ್ಫ್ ತಿರುಗಿಸಿ ಕಿಡಿ ನೋಡಿ. ಕೈಯಲ್ಲಿ ಹಿಡಿಯಬೇಡಿ, ಹೊಡೆತ ಜೋರು. ಹತ್ತಿರ ಪೆಟ್ರೋಲು ಸೋರಿರಬಾರದು, ಬೀಡಿ ಹಚ್ಚಿದವರು ದೂರ ನಿಲ್ಲಲಿ. ನೀಲಿ ಬಣ್ಣದ ಗಟ್ಟಿ ಕಿಡಿ ಬಂದರೆ ಸರಿ. ಕೆಂಪಗೆ, ಸಣ್ಣಗೆ ಬಂದರೆ ದೋಷ ಪಾಯಿಂಟು, ಕಂಡೆನ್ಸರು ಇಲ್ಲವೆ ಕಾಯಿಲಿನಲ್ಲಿ ಇದೆ. ಅದನ್ನು ಸರಿಪಡಿಸದೆ ಟೈಮಿಂಗ್ ತಿರುಗಿಸಿದರೆ ಒಂದು ರೋಗಕ್ಕೆ ಎರಡು ರೋಗ.

ವಾಯರುಗಳ ಕ್ರಮವನ್ನೂ ನೋಡಿರಿ. ಜೀಪಿಗೂ ಅಂಬಾಸಿಡರಿಗೂ ಕಿಡಿಯ ಸರದಿ 1, 3, 4, 2. ರೇಡಿಯೇಟರಿನ ಕಡೆಯದು ಒಂದನೆಯ ಸಿಲಿಂಡರು. ಮೇಲಿನಿಂದ ನೋಡಿದರೆ ರೋಟರು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಆ ದಿಕ್ಕಿನಲ್ಲೇ ವಾಯರುಗಳು ಈ ಸರದಿಯಲ್ಲಿ ಇರಬೇಕು. ಪ್ಲಗ್ಗು ಒರೆಸಲು ಬಿಚ್ಚಿದವರು ಎರಡನ್ನು ಅದಲುಬದಲು ಮಾಡಿದರೆ ಕಾರ್ಬುರೇಟರಿನಲ್ಲಿ ಸಿಡಿಯುತ್ತದೆ, ಗಾಡಿ ನಡುಗುತ್ತದೆ, ಟೈಮಿಂಗ್ ಹೋಯಿತು ಎಂದು ಗಾಬರಿ ಆಗುತ್ತದೆ. ಬಿಚ್ಚುವ ಮೊದಲು ಪ್ರತಿ ವಾಯರಿಗೂ ಬಣ್ಣದ ದಾರ ಕಟ್ಟಿದರೆ ಸಾಕು.

ಆಮೇಲೆ ಪಾಯಿಂಟು. ಇದೇ ಮುಖ್ಯ, ಇಲ್ಲಿ ಅವಸರ ಮಾಡಬೇಡಿ. ಮುಚ್ಚಳ ತೆಗೆದರೆ ನಡುವಿನ ದಂಡಕ್ಕೆ ನಾಲ್ಕು ಮೂಲೆಯ ಒಂದು ಗುಬ್ಬಿ ಕಾಣುತ್ತದೆ. ಪ್ರತಿ ಮೂಲೆ ಬಂದಾಗಲೂ ಪಾಯಿಂಟಿನ ಫೈಬರಿನ ಹಿಮ್ಮಡಿ ಎತ್ತಿ, ಎರಡು ಮೊಳೆಗಳು ಬಿಡುತ್ತವೆ. ಬಿಟ್ಟ ಕ್ಷಣದಲ್ಲೇ ಪ್ಲಗ್ಗಿನಲ್ಲಿ ಕಿಡಿ. ಈ ಹಿಮ್ಮಡಿ ದಿನಾ ಸವೆಯುತ್ತದೆ. ಸವೆದಷ್ಟೂ ಮೊಳೆಗಳ ಸಂದು ಕಡಿಮೆ, ಸಂದು ಕಡಿಮೆಯಾದಷ್ಟೂ ತಡವಾಗಿ ಬಿಡುತ್ತವೆ, ಕಿಡಿಯೂ ತಡ. ಗಾಡಿಯ ಟೈಮಿಂಗ್ ತಾನಾಗಿಯೇ ಹಿಂದೆ ಬೀಳುವುದಕ್ಕೆ ಬಹುತೇಕ ಇದೇ ಕಾರಣ. ಆಗ ಡಿಸ್ಟ್ರಿಬ್ಯೂಟರು ತಿರುಗಿಸುವ ಅಗತ್ಯವೇ ಇಲ್ಲ. ಸಂದು ಸರಿಪಡಿಸಿದರೆ ಟೈಮಿಂಗೂ ತನ್ನ ಜಾಗಕ್ಕೆ ಬರುತ್ತದೆ. ನಾನು ಹೇಳಿದ ಮನೆಯ ಜೀಪು ಏರಿನಲ್ಲಿ ಎಳೆಯದೆ ಹೋದದ್ದೂ ಇದಕ್ಕೇ. ಸವೆದ ಪಾಯಿಂಟಿಗೆ ಮದ್ದು ಮಾಡುವ ಬದಲು ಡಿಸ್ಟ್ರಿಬ್ಯೂಟರು ತಿರುಗಿಸಿದರು. ಆಮೇಲೆ ಯಾರೋ ಪಾಯಿಂಟನ್ನೂ ಹೊಸದು ಹಾಕಿದರು. ಎರಡೂ ಕೂಡಿ ಕಿಡಿ ದುಪ್ಪಟ್ಟು ಮುಂಚೆ ಆಯಿತು.

ಸಂದು ಅಳೆಯಲು ಫೀಲರ್ ಗೇಜು ಬೇಕು. ದೊಡ್ಡ ಬೆಲೆಯದಲ್ಲ, ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಗೇರು ನ್ಯೂಟ್ರಲಿನಲ್ಲಿಟ್ಟು, ಪ್ಲಗ್ಗುಗಳನ್ನು ಬಿಚ್ಚಿ, ಇಂಜಿನ್ನನ್ನು ಹಗುರಾಗಿ ತಿರುಗಿಸುತ್ತಾ ಹಿಮ್ಮಡಿ ಸರಿಯಾಗಿ ಮೂಲೆಯ ತುದಿಗೆ ಬಂದಾಗ ನಿಲ್ಲಿಸಿ. ಮೊಳೆಗಳು ಕರ್ರಗಾಗಿದ್ದರೆ ಸಣ್ಣ ಅರದಿಂದ ಎರಡು ಸಲ ಎಳೆದು, ಒಗೆದ ಬಟ್ಟೆಯಿಂದ ಒರೆಸಿ. ಒಂದು ಮೊಳೆಯಲ್ಲಿ ಗುಂಡಿ, ಎದುರಿನದರಲ್ಲಿ ಗುಬುಟು ಆಗಿದ್ದರೆ ಎರಡನ್ನೂ ಬದಲಿಸಿ, ಕಂಡೆನ್ಸರನ್ನೂ ಬದಲಿಸಿ. ವಿಲ್ಲಿಸ್ ಜೀಪಿಗೆ ಸಂದು ಒಂದು ಇಂಚಿನ ಸಾವಿರದ 20 ಪಾಲು, ಅಂದರೆ ಅರ್ಧ ಮಿಲಿಮೀಟರು. ಅಂಬಾಸಿಡರಿಗೆ 14ರಿಂದ 16 ಪಾಲು, ಅಂದರೆ 0.35ರಿಂದ 0.40 ಮಿಲಿಮೀಟರು. ಗೇಜಿನ ತಗಡು ಬೆಣ್ಣೆಯಲ್ಲಿ ಎಳೆದಂತೆ ಚೂರು ಹಿಡಿದು ಜಾರಬೇಕು. ಗೇಜಿಲ್ಲದ ಊರಲ್ಲಿ ಕೆಲವರು ದಾಡಿಯ ಬ್ಲೇಡು ಜೋಡಿಸುತ್ತಾರೆ. ಒಂದು ಬ್ಲೇಡು ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಐದು ಕೂಡಿದರೆ ಜೀಪಿನ ಅಳತೆ. ದಾರಿಯಲ್ಲಿ ನಿಂತಾಗ ಮನೆ ಮುಟ್ಟಲು ಸಾಕು, ಆದರೆ ಬೆರಳು ಕೊಯ್ಯುತ್ತದೆ. ಕಾಯಂ ಕೆಲಸಕ್ಕೆ ಬೇಡ. ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಬಿಗಿಯುವಾಗ ಸರಿಯುವುದು ಅದರ ಚಟ. ಪ್ಲಗ್ಗಿನ ಸಂದು ಜೀಪಿಗೆ ಸಾವಿರದ 30 ಪಾಲು, ಅಂಬಾಸಿಡರಿಗೆ 25 ಪಾಲು. ಇವು ಮೂಲ ಇಂಜಿನ್ನಿನ ಅಳತೆಗಳು. ನಿಮ್ಮ ಗಾಡಿಗೆ ಬೇರೆ ಇಂಜಿನ್ನು ಕೂಡಿಸಿದ್ದರೆ ಆ ಇಂಜಿನ್ನಿನ ಪುಸ್ತಕದ ಅಳತೆಯೇ ಅಳತೆ.

ಈಗ ಬಲ್ಬಿನ ಕೆಲಸ. ಒಂದನೆಯ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಬ್ಬರಿಂದ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿಸಿ. ಗಾಳಿ ಬೆರಳನ್ನು ನೂಕಿತು ಎಂದರೆ ಪಿಸ್ಟನ್ನು ಒತ್ತಡದ ಏರಿಕೆಯಲ್ಲಿದೆ. ಇದನ್ನು ತಪ್ಪದೆ ಮಾಡಬೇಕು, ಯಾಕಂದರ ಪಿಸ್ಟನ್ನು ಟಾಪಿಗೆ ಎರಡು ಸಲ ಬರುತ್ತದೆ: ಒಂದು ಸಲ ಅನಿಲ ಒತ್ತಲು, ಇನ್ನೊಂದು ಸಲ ಹೊಗೆ ಹೊರ ಹಾಕಲು. ಎರಡನೆಯದನ್ನು ಹಿಡಿದು ಕೂತರೆ ಸಂಜೆತನಕ ಗಾಡಿ ಚಾಲೂ ಆಗುವುದಿಲ್ಲ. ಆಮೇಲೆ ಗುರುತು ಹುಡುಕಿ. ಕೆಲವು ಜೀಪುಗಳಲ್ಲಿ ಅದು ಮುಂದಿನ ಪುಲ್ಲಿಯ ಮೇಲೆ ಗೀರಾಗಿ, ಪಕ್ಕದ ಮುಚ್ಚಳದ ಮೇಲೆ ಮುಳ್ಳಾಗಿ ಇರುತ್ತದೆ. ಕೆಲವದರಲ್ಲಿ ಹಿಂದೆ ಫ್ಲೈವ್ಹೀಲಿನ ಮೇಲೆ ಇದ್ದು, ಸಣ್ಣ ಕಿಂಡಿಯೊಳಗೆ ಟಾರ್ಚು ಹಿಡಿದರೆ ಕಾಣುತ್ತದೆ. ಎಣ್ಣೆ ಮಣ್ಣು ಕೆರೆದು ತೆಗೆದು, ಗೀರಿಗೆ ಒಂದು ಎಳೆ ಸುಣ್ಣ ಹಚ್ಚಿ. ಇಂಜಿನ್ನನ್ನು ತಿರುಗುವ ದಿಕ್ಕಿನಲ್ಲೇ ತಂದು 5 ಡಿಗ್ರಿಯ ಗುರುತಿಗೆ ಕೂಡಿಸಿ. ದಾಟಿ ಹೋದರೆ ಹಿಂದಕ್ಕೆ ಎಳೆದು ಕೂಡಿಸಬೇಡಿ. ಹಲ್ಲುಗಳ ಸಡಿಲು ಲೆಕ್ಕ ತಪ್ಪಿಸುತ್ತದೆ. ಇನ್ನೆರಡು ಸುತ್ತು ತಿರುಗಿಸಿ ಹೊಸದಾಗಿ ಬನ್ನಿ. ಈಗ ರೋಟರಿನ ಮೂತಿ ಒಂದನೆಯ ವಾಯರಿನ ಕಡೆ ನೋಡುತ್ತಿರಬೇಕು.

ಗಾಡಿಯ ಬ್ಯಾಟರಿ 12 ವೋಲ್ಟಿನದಾದರೆ 12ರ ಬಲ್ಬು, ತೀರ ಹಳೆಯ 6 ವೋಲ್ಟಿನದಾದರೆ 6ರ ಬಲ್ಬು. ಬಲ್ಬಿನ ಒಂದು ತಂತಿಯನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೆ ಬರುವ ಸಣ್ಣ ವಾಯರಿನ ಮೊಳೆಗೆ, ಇನ್ನೊಂದನ್ನು ಇಂಜಿನ್ನಿನ ಕಬ್ಬಿಣಕ್ಕೆ ಹಿಡಿಸಿ, ಚಾವಿ ತಿರುಗಿಸಿ. ಪಾಯಿಂಟು ಕೂಡಿದ್ದರೆ ಬಲ್ಬು ಆರಿರುತ್ತದೆ, ಬಿಟ್ಟರೆ ಹತ್ತುತ್ತದೆ. ಡಿಸ್ಟ್ರಿಬ್ಯೂಟರಿನ ಕೆಳಗಿನ ಪಟ್ಟಿಯ ಬೋಲ್ಟನ್ನು ಪಾನಾದಿಂದ ಅರ್ಧ ಸುತ್ತು ಸಡಿಲಿಸಿ. ಡಿಸ್ಟ್ರಿಬ್ಯೂಟರನ್ನು ಮೊದಲು ರೋಟರು ತಿರುಗುವ ದಿಕ್ಕಿಗೆ ಸರಿಸಿ, ಬಲ್ಬು ಆರುತ್ತದೆ. ಈಗ ಎದುರು ದಿಕ್ಕಿಗೆ ಕೂದಲು ಕೂದಲು ಸರಿಸುತ್ತಾ ಬನ್ನಿ. ಬಲ್ಬು ಹತ್ತಿದ ಗಳಿಗೆಯಲ್ಲೇ ನಿಲ್ಲಿಸಿ, ಬೋಲ್ಟು ಬಿಗಿಯಿರಿ. ಇಷ್ಟೇ. ಯಾವ ಗಾಡಿಗಾದರೂ ನೆನಪಿಡುವುದು ಇದು: ರೋಟರಿನ ದಿಕ್ಕಿಗೆ ಸರಿಸಿದರೆ ಕಿಡಿ ತಡ, ರೋಟರಿಗೆ ಎದುರು ಸರಿಸಿದರೆ ಕಿಡಿ ಬೇಗ.

ಬಿಗಿದ ಮೇಲೆ ಪರೀಕ್ಷೆ ಇದೆ. ಇಂಜಿನ್ನನ್ನು ಕೈಯಿಂದ ಪೂರಾ ಎರಡು ಸುತ್ತು ತಿರುಗಿಸಿ ಬನ್ನಿ. ಗುರುತು ಕೂಡುವುದಕ್ಕೂ ಬಲ್ಬು ಹತ್ತುವುದಕ್ಕೂ ಒಂದೇ ಗಳಿಗೆ ಆಗಬೇಕು. ಒಮ್ಮೆ ಮುಂಚೆ, ಒಮ್ಮೆ ತಡ ಹತ್ತಿದರೆ ಡಿಸ್ಟ್ರಿಬ್ಯೂಟರಿನ ದಂಡದ ಬುಷ್ ಸವೆದು ಅಲುಗಾಡುತ್ತಿದೆ ಎಂದು ತಿಳಿಯಿರಿ. ದಂಡವನ್ನು ಬೆರಳಿಂದ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಅದಕ್ಕೆ ಲೇತಿನ ಕೆಲಸ ಬೇಕು, ಮನೆಯ ಮದ್ದಿಲ್ಲ. ಬಲ್ಬು ಸಿಗದಿದ್ದರೆ ಸಿಗರೇಟಿನ ತೆಳ್ಳನೆಯ ಕಾಗದವನ್ನು ಪಾಯಿಂಟಿನ ಸಂದಿನಲ್ಲಿ ಹಿಡಿಸಿ ಮೆಲ್ಲಗೆ ಎಳೆಯುತ್ತಿರಿ. ಕಾಗದ ಸಡಿಲಾದ ಗಳಿಗೆಯೇ ಪಾಯಿಂಟು ಬಿಟ್ಟ ಗಳಿಗೆ. ಚಾವಿಯನ್ನು ಮಾತ್ರ ಬಹಳ ಹೊತ್ತು ಹಾಕಿಟ್ಟು ಚಹಾ ಕುಡಿಯಲು ಹೋಗಬೇಡಿ. ಪಾಯಿಂಟು ಕೂಡಿದ್ದರೆ ಕಾಯಿಲು ಬಿಸಿಯಾಗಿ ಸುಟ್ಟು ಹೋಗುತ್ತದೆ.

ಎಲ್ಲ ಸರಿ ಇದ್ದೂ ಹ್ಯಾಂಡಲ್ ಒದೆಯುತ್ತಿದ್ದರೆ? ಆಗ ರೋಟರನ್ನು ಬೆರಳಿಂದ ಅದರ ದಿಕ್ಕಿಗೆ ಚೂರು ತಿರುವಿ ಬಿಡಿ. ಸ್ಪ್ರಿಂಗಿನಿಂದ ತಟ್ಟನೆ ಹಿಂದೆ ಬರಬೇಕು. ಬಾರದಿದ್ದರೆ ಮೊದಲು ಹೇಳಿದೆನಲ್ಲ, ಆ ತೂಕದ ತುಂಡುಗಳು ಧೂಳಿನಿಂದ, ತುಕ್ಕಿನಿಂದ ಅಗಲವಾದಲ್ಲೇ ಹಿಡಿದು ಕೂತಿವೆ. ಗಾಡಿ ನಿಂತಿದ್ದರೂ ಅವು ಓಡುತ್ತಿದ್ದಾಗಿನ ಮುಂಗಡವನ್ನೇ ಕೊಡುತ್ತವೆ. ಇದು ಕಣ್ಣಿಗೆ ಕಾಣದ ಅಪಾಯ. ಪಾಯಿಂಟಿನ ತಟ್ಟೆ ಬಿಚ್ಚಿ, ತೊಳೆದು, ರೋಟರಿನ ಕೆಳಗೆ ಎರಡು ಹನಿ ಎಣ್ಣೆ ಬಿಟ್ಟರೆ ಬಹುಸಲ ಬಿಡುತ್ತವೆ. ಸ್ಪ್ರಿಂಗು ಜೋತಿದ್ದರೆ ಹೊಸದು ಹಾಕಿಸಿ. ಫೈಬರಿನ ಹಿಮ್ಮಡಿ ಸವೆಯದಂತೆ ಗುಬ್ಬಿಗೆ ಜೋಳದ ಕಾಳಿನಷ್ಟು ಗ್ರೀಸು ಹಚ್ಚಿ. ಹೆಚ್ಚಿಗೆ ಹಚ್ಚಿದರೆ ಅದು ಹಾರಿ ಮೊಳೆಗೆ ತಾಗಿ ಕಿಡಿ ಸಾಯುತ್ತದೆ. ಅಂಬಾಸಿಡರಿನ ಡಿಸ್ಟ್ರಿಬ್ಯೂಟರಿಗೆ ಪಕ್ಕದಲ್ಲಿ ಒಂದು ಚಪ್ಪಟೆ ಡಬ್ಬಿಯೂ, ಅದಕ್ಕೆ ಕಾರ್ಬುರೇಟರಿನಿಂದ ಸಣ್ಣ ಕೊಳವೆಯೂ ಇರುತ್ತದೆ. ಡಬ್ಬಿಯ ಕಡೆಗೆ ಕೊಳವೆ ಕಚ್ಚಿ ಗಾಳಿ ಹೀರಿದರೆ ಒಳಗಿನ ತಟ್ಟೆ ಅಲುಗಬೇಕು. ಬರೀ ಗಾಳಿ ಬಾಯಿಗೆ ಬಂದರೆ ಡಬ್ಬಿಯ ಪೊರೆ ಹರಿದಿದೆ. ಒದೆತ ಇರುವುದಿಲ್ಲ, ಆದರೆ ಪೆಟ್ರೋಲು ಹೆಚ್ಚು ಹೋಗುತ್ತದೆ.

ಡೀಜಲ್ಲಿನ ಜೀಪು, ಟ್ರ್ಯಾಕ್ಟರು, ಪಂಪಿನ ಇಂಜಿನ್ನು ಇರುವವರು ಈ ಬಲ್ಬು ಹಿಡಿದು ಹೋಗಬೇಡಿ. ಅಲ್ಲಿ ಕಿಡಿಯೇ ಇಲ್ಲ. ಎಣ್ಣೆ ಸಿಂಪಡಿಸುವ ಹೊತ್ತೇ ಅದರ ಟೈಮಿಂಗ್, ಅದು ಪಂಪಿನ ಮಿಸ್ತ್ರಿಯ ಕೆಲಸ. ಪೆಟ್ರೋಲಿನಿಂದ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಸಣ್ಣ ಪಂಪು ಇಂಜಿನ್ನುಗಳಲ್ಲಿ ಮಾತ್ರ ಪಾಯಿಂಟು ಉಂಟು. ಅದು ಗಾಲಿಯ ಒಳಗಿರುತ್ತದೆ. ಅಂಥ ಕೆಲವು ಇಂಜಿನ್ನುಗಳ ಗಾಲಿಯ ಮೇಲೆ ಇಂಗ್ಲಿಷಿನ ಎಫ್ ಅಕ್ಷರ ಕಿಡಿಯ ಗುರುತು, ಟಿ ಅಕ್ಷರ ಟಾಪಿನ ಗುರುತು. ಎಫ್ ಬಂದಾಗ ಪಾಯಿಂಟು ಬಿಡಬೇಕು.

ಕೊನೆಗೆ ಹ್ಯಾಂಡಲ್ ಹಿಡಿಯುವ ರೀತಿ. ಟೈಮಿಂಗ್ ಸರಿ ಇದ್ದರೂ ಇದನ್ನು ಮನೆಯ ಹುಡುಗರಿಗೆಲ್ಲ ಕಲಿಸಿರಿ. ಗೇರು ನ್ಯೂಟ್ರಲ್, ಕೈ ಬ್ರೇಕು ಎಳೆದಿರಬೇಕು, ಗಾಲಿಗೆ ಕಲ್ಲು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು. ಉಳಿದ ನಾಲ್ಕು ಬೆರಳಿನ ಕಡೆಯೇ ಇಟ್ಟುಕೊಳ್ಳಬೇಕು. ಆಗ ಒದೆತ ಬಂದರೆ ಹಿಡಿ ತಾನಾಗಿ ಬಿಡುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಮೈಭಾರ ಹಾಕಿ ಒತ್ತಬಾರದು. ಗರಗರ ಸುತ್ತುವುದಂತೂ ಬೇಡವೇ ಬೇಡ. ಅರ್ಧ ಸುತ್ತಿನ ಎಳೆತ, ನಿಲ್ಲು, ಮತ್ತೆ ಕೆಳಗಿನಿಂದ ಎಳೆತ. ನಾನು ಹೇಳಿದ ಹುಡುಗ ಮುಷ್ಟಿ ಕಟ್ಟಿ, ಹೆಬ್ಬೆರಳು ಸುತ್ತಿ, ಕೆಳಕ್ಕೆ ಒತ್ತಿದ್ದ.

ಅವನ ಎಲುಬು ಕೂಡಿದೆ. ಚಳಿಗಾಲದಲ್ಲಿ ಸ್ವಲ್ಪ ಎಳೆಯುತ್ತದಂತೆ. ಹೋದ ಹಿಂಗಾರಿಗೆ ಮೊದಲು ಅವನೇ ನನ್ನನ್ನು ಕರೆದು, ಬಲ್ಬು ಹಿಡಿದು, ಪುಲ್ಲಿಯ ಮೇಲೆ ಹಚ್ಚಿದ ಸುಣ್ಣದ ಗೀರನ್ನು ತೋರಿಸಿದ. ವರ್ಷಕ್ಕೆರಡು ಸಲ, ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ, ಕೂರಿಗಿಯ ತಾಳು ನೋಡುವ ದಿನವೇ ಪಾಯಿಂಟನ್ನೂ ನೋಡುತ್ತಾನೆ. ನಿಮ್ಮ ಮನೆಯಲ್ಲಿ ಅಂಥ ಗಾಡಿ ಇದ್ದು, ಗುರುತು ಸಿಗದಿದ್ದರೆ ಮೊದಲ ಸಲ ಒಬ್ಬ ಹಳೆಯ ಮಿಸ್ತ್ರಿಯವರನ್ನು ಕರೆಸಿ ಗುರುತು ಹುಡುಕಿಸಿ, ಸುಣ್ಣದ ಬದಲು ಬಿಳಿ ಬಣ್ಣದಿಂದ ಬರೆಸಿಡಿ.